ಹಳೆಯ ವೇಗದ ಔಟ್‌ಬೋರ್ಡ್ ದೋಣಿ: ರಿಪೇರಿಯಿಂದ ಮೊದಲ ಓಟದವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಮೆರಿಕದ ಟೆನ್ನೆಸ್ಸಿಯಲ್ಲಿ, ನಾಕ್ಸ್‌ವಿಲ್ ಹತ್ತಿರ. 1979ರಲ್ಲಿ ತಯಾರಾದ 18 ಅಡಿಯ ಫೈಬರ್ ದೋಣಿಯೊಂದನ್ನು ಹದಿನಾಲ್ಕು ತಿಂಗಳ ಶನಿವಾರ, ಭಾನುವಾರಗಳಲ್ಲಿ ಬಿಚ್ಚಿ ಕಟ್ಟಿದೆ. ಅದರ ಹಿಂಬದಿಗೆ ಹೊರಗಿನಿಂದ ಕಟ್ಟಿದ ಇಂಜಿನ್ (ಔಟ್‌ಬೋರ್ಡ್) ಮರ್ಕ್ಯುರಿ ಬ್ಲ್ಯಾಕ್ ಮ್ಯಾಕ್ಸ್ ವಿ6, ಅಂದರೆ ಆರು ಸಿಲಿಂಡರುಗಳನ್ನು ವಿ ಆಕಾರದಲ್ಲಿ ಜೋಡಿಸಿದ್ದು. ಅಂದಿನಿಂದ ಯುಗಾದಿ ಊಟದ ಪಂಕ್ತಿಯಲ್ಲಿ, ಕುಂದಾಪುರದಿಂದ ಬರುವ ಫೋನಿನಲ್ಲಿ, ಪತ್ರಗಳಲ್ಲಿ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ.

## ಮೊದಲ ಪರಿಚಯ

ಇದು ಮಾಮೂಲಿ ಮೋಟರ್ ಬೋಟಿಗಿಂತ ಹೇಗೆ ಬೇರೆ? ಇಂಜಿನ್ ದೊಡ್ಡದು ಅಷ್ಟೇ ತಾನೇ?

ಇಂಜಿನ್ನಿಗಿಂತ ತಳದ ಆಕಾರ ಮುಖ್ಯ. ಈ ದೋಣಿಗಳ ಅಡಿ ಇಂಗ್ಲಿಷಿನ ವಿ ಅಕ್ಷರದ ಹಾಗಿರುತ್ತದೆ. ಆದರೆ ಹಿಂಭಾಗದಲ್ಲಿ ಆ ವಿ ತುದಿಯನ್ನು ಸವರಿ ಚಪ್ಪಟೆ ಮಾಡಿರುತ್ತಾರೆ. ಅದಕ್ಕೆ ಪ್ಯಾಡ್ ಎನ್ನುತ್ತಾರೆ. ಅಗಲ ಸುಮಾರು ಒಂದು ಗೇಣು. ವೇಗ ಏರಿದಂತೆ ಇಡೀ ದೋಣಿ ನೀರಿನಿಂದ ಮೇಲೆದ್ದು ಕೊನೆಗೆ ಆ ಗೇಣಗಲದ ಪಟ್ಟಿಯ ಮೇಲೆ ಮಾತ್ರ ನಿಂತು ಓಡುತ್ತದೆ. ನೀರಿನ ಎಳೆತ ಕಡಿಮೆ, ವೇಗ ಹೆಚ್ಚು, ಸಮತೋಲನ ಕಷ್ಟ.

1976ರಲ್ಲಿ ಮರ್ಕ್ಯುರಿ ಕಂಪನಿ 175 ಅಶ್ವಶಕ್ತಿಯ ವಿ6 ಔಟ್‌ಬೋರ್ಡ್ ತಂದಿತು. ಅದಕ್ಕೂ ಮೊದಲು ಅವರ ಆರು ಸಿಲಿಂಡರುಗಳು ಒಂದರ ಮೇಲೊಂದು ನಿಂತಿದ್ದವು. ಆ ಉದ್ದನೆಯ ಇಂಜಿನ್ನಿಗೆ ಜನ ಇಟ್ಟ ಹೆಸರು ಟವರ್ ಆಫ್ ಪವರ್. ಇಂಥ ಶಕ್ತಿಯನ್ನು ಹಗುರಾದ ದೋಣಿಗೆ ಕಟ್ಟಿದ ಕಾಲದ ಹೆಸರುಗಳು ಹೈಡ್ರೋಸ್ಟ್ರೀಮ್, ಚೆಕ್‌ಮೇಟ್, ಆಲಿಸನ್. ಆಲಿಸನ್ ದೋಣಿಗಳು ನಮ್ಮ ಟೆನ್ನೆಸ್ಸಿಯವೇ.

ನಮ್ಮ ಗಂಗೊಳ್ಳಿ, ಮಲ್ಪೆ ಕಡೆ ನಾಡದೋಣಿಗೆ ಕಟ್ಟುತ್ತಾರಲ್ಲ, ಅದೇ ಇಂಜಿನ್ನಾ?

ಒಂದೇ ಕುಲ, ಕಸುಬು ಬೇರೆ. ನಾಡದೋಣಿಯ ಔಟ್‌ಬೋರ್ಡ್‌ಗಳಲ್ಲಿ ಬಹಳಷ್ಟು ಸೀಮೆಎಣ್ಣೆಯಲ್ಲಿ ಓಡುವಂಥವು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ಅವು ಬಲೆ, ಮೀನು, ಜನ ಎಲ್ಲವನ್ನೂ ಹೊತ್ತು ಅಲೆ ಸೀಳಬೇಕು. ನಮ್ಮದು ಖಾಲಿ ದೋಣಿಯನ್ನು ಓಡಿಸುವ ಇಂಜಿನ್. ಆದರೂ ಉಪ್ಪುನೀರಿನಲ್ಲಿ ಇಂಜಿನ್ ಕಾಪಾಡಿಕೊಂಡ ಮೀನುಗಾರನಿಗೆ ಇಲ್ಲಿ ಹೇಳುವ ಅರ್ಧದಷ್ಟು ವಿಷಯ ಆಗಲೇ ಗೊತ್ತಿರುತ್ತದೆ. ಪ್ರೊಪೆಲ್ಲರಿಗೆ ಊರ ಕಡೆ ಫ್ಯಾನ್ ಅಂತಲೇ ಅನ್ನುವುದು. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ಕೊಳ್ಳುವಾಗ ಏನು ನೋಡಬೇಕು? ಫೋಟೋದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತೆ.

ಮೊದಲು ಕಾಗದಪತ್ರ. 1972ರ ನವೆಂಬರಿನಿಂದ ಅಮೆರಿಕದಲ್ಲಿ ಕಟ್ಟಿದ ಪ್ರತಿ ದೋಣಿಗೂ ಹನ್ನೆರಡು ಅಕ್ಷರ, ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಹಿಂಬದಿಯಲ್ಲಿ ಬಲಗಡೆ, ಮೇಲಂಚಿನ ಹತ್ತಿರ ನೋಡಿ. ಮೊದಲ ಮೂರು ಅಕ್ಷರ ತಯಾರಕರದು. ಅದು ಮಾರುವವರ ಕೈಯಲ್ಲಿರುವ ಪತ್ರದ ಸಂಖ್ಯೆಗೆ ಹೊಂದದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಎಷ್ಟು ಅಶ್ವಶಕ್ತಿಯವರೆಗೆ ಕಟ್ಟಬಹುದು ಎಂದು ಬರೆದ ಫಲಕ ಒಳಗಿರುತ್ತದೆ. ಹಿಂದಿನ ಮಾಲೀಕರು ಅದನ್ನು ಮೀರಿದ್ದರೆ ವಿಮೆಗೆ ತೊಂದರೆ.

ಆಮೇಲೆ ಹಿಂಬದಿಯ ಗೋಡೆ, ಅಂದರೆ ಟ್ರಾನ್ಸಮ್. ಅದಕ್ಕೆ ಮುಂದೆ ಬೇರೆಯೇ ಪ್ರಶ್ನೆ ಇದೆ. ಸೀಟು ಹರಿದಿರುವುದು, ಬಣ್ಣ ಮಂಕಾಗಿರುವುದು ಯಾವುದೂ ಲೆಕ್ಕಕ್ಕಿಲ್ಲ. ಟ್ರೇಲರಿನ ಚಕ್ರದ ಬೇರಿಂಗ್ ಮಾತ್ರ ಮರೆಯಬೇಡಿ. ಮನೆಗೆ ತರುವ ದಾರಿಯಲ್ಲಿ ನಿಲ್ಲಿಸಿದಾಗಲೆಲ್ಲ ಚಕ್ರದ ನಡುಭಾಗ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಅಲ್ಲೇ ನಿಲ್ಲಿಸಿ.

ಇದನ್ನು ಕಬಿನಿಗೋ ಲಿಂಗನಮಕ್ಕಿಗೋ ತಂದು ಓಡಿಸಬಹುದಲ್ವಾ?

ಬೇಡ. ಕಬಿನಿ ಹಿನ್ನೀರು ನಾಗರಹೊಳೆ, ಬಂಡೀಪುರದ ಹುಲಿಕಾಡುಗಳ ನಡುವೆ ಇದೆ. ಆನೆ ನೀರು ಕುಡಿಯುವ ಜಾಗದಲ್ಲಿ ಈ ಸದ್ದು ಸಲ್ಲದು. ಅಮೆರಿಕದಲ್ಲೂ ಎಲ್ಲ ಕಡೆ ಒಪ್ಪಿಗೆಯಿಲ್ಲ: ಹಳೆಯ ಕಾರ್ಬ್ಯುರೇಟರ್ ಟೂ-ಸ್ಟ್ರೋಕ್ ಇಂಜಿನ್ನುಗಳು ಕುಡಿದ ಪೆಟ್ರೋಲಿನ ಕಾಲು ಭಾಗದಷ್ಟನ್ನು ಸುಡದೆಯೇ ಹೊರಗೆ ಬಿಡುತ್ತವೆ ಎಂಬ ಕಾರಣಕ್ಕೆ ಟಾಹೋ ಸರೋವರದಲ್ಲಿ 1999ರಿಂದ ಅವಕ್ಕೆ ನಿಷೇಧ ಇದೆ. ನಾನು ಓಡಿಸುವುದು ಟೆನ್ನೆಸ್ಸಿ ನದಿಯ ವಾಟ್ಸ್ ಬಾರ್ ಜಲಾಶಯದಲ್ಲಿ.

## ಮರ, ಫೈಬರ್

ಟ್ರಾನ್ಸಮ್ ಕೊಳೆತಿದೆ ಅಂತ ಹೊರಗಿನಿಂದ ಹೇಗೆ ಗೊತ್ತಾಗುತ್ತೆ?

ಫೈಬರ್ ದೋಣಿ ಎಂದರೂ ಆ ಕಾಲದ ದೋಣಿಗಳ ಟ್ರಾನ್ಸಮ್ ಒಳಗೆ ಇರುವುದು ಪ್ಲೈವುಡ್. ಇಂಜಿನ್ ಬೋಲ್ಟಿನ ತೂತಿನಿಂದ ಹನಿ ಹನಿಯಾಗಿ ನೀರು ಇಳಿದರೆ ಮೇಲಿನ ಫೈಬರ್ ಹೊಳೆಯುತ್ತಲೇ ಇರುತ್ತದೆ, ಒಳಗಿನ ಮರ ಕರಗಿರುತ್ತದೆ.

ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಮೇಲಿನಿಂದ ಕೆಳಕ್ಕೆ ತಟ್ಟುತ್ತಾ ಬನ್ನಿ. ಗಟ್ಟಿ ಮರ ಟಕ್ ಟಕ್ ಅನ್ನುತ್ತದೆ; ಕೊಳೆತದ್ದು ದಪ್ ಎಂದು ಸದ್ದು ನುಂಗುತ್ತದೆ. ಆಮೇಲೆ ಇಂಜಿನ್ನನ್ನು ಅರ್ಧ ಎತ್ತಿ, ಕೆಳತುದಿಯ ಮೇಲೆ ಮೈಭಾರ ಹಾಕಿ, ಇನ್ನೊಬ್ಬರಿಗೆ ಟ್ರಾನ್ಸಮ್ಮಿನ ಮೇಲಂಚು ನೋಡಲು ಹೇಳಿ. ಅದು ಬಾಗಿದ್ದು ಕಣ್ಣಿಗೆ ಕಂಡರೆ ಮುಗಿಯಿತು. ಕೊನೆಯ ಪರೀಕ್ಷೆ ಡ್ರಿಲ್: ಒಳಗಡೆಯಿಂದ, ಕೆಳಭಾಗದಲ್ಲಿ ಸಣ್ಣ ತೂತು ಕೊರೆಯಿರಿ. ಒಣಗಿದ ಬಿಳಿ ಹೊಟ್ಟು ಬಂದರೆ ಒಳ್ಳೆಯದು. ನನ್ನದರಲ್ಲಿ ಬಂದದ್ದು ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದ ಹಾಗೆ ಕಪ್ಪಗೆ, ಒದ್ದೆಯಾಗಿತ್ತು. ಬೆರಳಿನಲ್ಲಿ ಹಿಂಡಿದರೆ ನೀರು ಒಸರಿತು.

ಸ್ವಲ್ಪ ಜಾಗ ಮಾತ್ರ ಕೊಳೆತಿದ್ರೆ ಅಷ್ಟನ್ನೇ ಕತ್ತರಿಸಿ ಹಾಕಿದ್ರೆ ಸಾಲದಾ?

ಮಾಮೂಲಿ ಮೀನು ಹಿಡಿಯುವ ದೋಣಿಗೆ ಸಾಕಾಗಬಹುದು. ಇದಕ್ಕೆ ಸಾಲದು. ಇಂಜಿನ್ನಿನ ಪೂರ್ತಿ ತಳ್ಳುವ ಬಲ ದೋಣಿಗೆ ಸೇರುವುದು ಆ ಒಂದು ಗೋಡೆಯ ಮೂಲಕ. ಇಂಜಿನ್ನನ್ನು ಹಿಂದಕ್ಕೆ ಸರಿಸುವ ಜ್ಯಾಕ್ ಪ್ಲೇಟ್ ಹಾಕಿದ್ದರೆ ಸನ್ನೆಕೋಲಿನ ಹಾಗೆ ಭಾರ ಇನ್ನೂ ಹೆಚ್ಚು. ಪೂರ್ತಿ ತೆಗೆದು ಹೊಸದು ಹಾಕಿ.

ಕೆಲಸ ಹೀಗೆ: ಕತ್ತರಿಸುವ ಮೊದಲೇ ಟ್ರಾನ್ಸಮ್ಮಿನ ಓರೆಯನ್ನೂ ಎತ್ತರವನ್ನೂ ರಟ್ಟಿನಲ್ಲಿ ಅಚ್ಚು ತೆಗೆದಿಟ್ಟುಕೊಳ್ಳಿ. ಹೊರಪದರ ಉಳಿಸಿ, ಒಳಪದರ ಕತ್ತರಿಸಿ, ಕೊಳೆತ ಮರವನ್ನೆಲ್ಲ ಕೆತ್ತಿ ತೆಗೆಯಿರಿ. ಮುಕ್ಕಾಲು ಇಂಚಿನ ಮರೈನ್ ಪ್ಲೈವುಡ್ಡಿನ ಎರಡು ಹಾಳೆ ಸೇರಿಸಿ ಒಂದೂವರೆ ಇಂಚು ದಪ್ಪ ಮಾಡಿ ಅಂಟಿಸಿ. ಬೋಲ್ಟಿನ ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿಯಿಂದ ಪೂರ್ತಿ ಮುಚ್ಚಿ, ಒಣಗಿದ ಮೇಲೆ ಅದರ ನಡುವೆ ಸರಿ ಅಳತೆಯ ತೂತು ಕೊರೆಯಿರಿ. ಇನ್ನು ಬೋಲ್ಟಿನ ಸುತ್ತ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಈ ಒಂದು ಹೆಜ್ಜೆಯನ್ನು ಮೊದಲೇ ಮಾಡಿದ್ದರೆ ಎಷ್ಟೋ ದೋಣಿಗಳು ಉಳಿಯುತ್ತಿದ್ದವು.

ಪಾಲಿಯೆಸ್ಟರ್ ರೆಸಿನ್ ಅಗ್ಗ. ಎಪಾಕ್ಸಿಯೇ ಬೇಕಾ?

ಮೂಲ ದೋಣಿ ಕಟ್ಟಿದ್ದು ಪಾಲಿಯೆಸ್ಟರಿನಲ್ಲೇ, ಆದರೆ ಒಣಗಿದ ಹಳೆಯ ಫೈಬರಿಗೆ ಹೊಸದನ್ನು ಅಂಟಿಸಲು ಎಪಾಕ್ಸಿಯ ಹಿಡಿತ ಬಲವಾದದ್ದು. ನಾನು ಟ್ರಾನ್ಸಮ್ಮಿಗೂ ನೆಲದ ಕೆಳಗೆ ದೋಣಿಯ ಉದ್ದಕ್ಕೂ ಇರುವ ಉದ್ದಪಟ್ಟಿಗಳಿಗೂ ಅದನ್ನೇ ಬಳಸಿದೆ. ಎರಡು ಎಚ್ಚರಿಕೆ. ತುಂಡು ನಾರಿನ ಮ್ಯಾಟನ್ನು ಹಿಡಿದಿಡುವ ಅಂಟು ಸಾಮಾನ್ಯವಾಗಿ ಪಾಲಿಯೆಸ್ಟರಿನಲ್ಲಿ ಮಾತ್ರ ಕರಗುತ್ತದೆ. ಎಪಾಕ್ಸಿಗೆ ನೇಯ್ದ ಬಟ್ಟೆ ಇಲ್ಲವೇ ಹೊಲಿದ ಬಟ್ಟೆ ತನ್ನಿ. ಎಪಾಕ್ಸಿಯ ಮೇಲೆ ಜೆಲ್‌ಕೋಟ್ (ಫೈಬರಿನ ಹೊಳೆಯುವ ಹೊರಪದರ) ಸರಿಯಾಗಿ ಕೂರುವುದಿಲ್ಲ, ಹೊರಗೆ ಕಾಣುವ ಕಡೆ ಪೇಂಟ್ ಮಾಡಿ. ಗ್ರೈಂಡ್ ಮಾಡುವಾಗ ಮಾಸ್ಕ್, ಪೂರ್ತಿ ತೋಳಿನ ಅಂಗಿ ತಪ್ಪಿಸಬೇಡಿ. ಫೈಬರ್ ಧೂಳು ಚರ್ಮಕ್ಕಿಂತ ಶ್ವಾಸಕೋಶಕ್ಕೆ ಹೆಚ್ಚು ಕೆಟ್ಟದ್ದು.

ನೆಲ ಬಿಚ್ಚುವಾಗ ದೋಣಿ ಟ್ರೇಲರ್ ಮೇಲೇ ಇದ್ದರೆ ಆಗಲ್ವಾ?

ಆಗುತ್ತದೆ, ತಳದ ಉದ್ದಕ್ಕೂ ಆಧಾರ ಇದ್ದರೆ. ನೆಲ ಮತ್ತು ಉದ್ದಪಟ್ಟಿ ತೆಗೆದ ದೋಣಿ ಬೆನ್ನೆಲುಬಿಲ್ಲದ ಚಿಪ್ಪು. ಅದು ಜೋತು ಬಿದ್ದ ಆಕಾರದಲ್ಲೇ ಹೊಸ ಪಟ್ಟಿ ಅಂಟಿಸಿದರೆ ಆ ಸೊಟ್ಟ ಶಾಶ್ವತ. ಹಿಂದಿನ ಐದಡಿ ತಳಕ್ಕೆ ನೇರ ಅಲ್ಯೂಮಿನಿಯಂ ಪಟ್ಟಿ ಹಿಡಿದು ನೋಡಿ. ತುದಿ ಕೆಳಕ್ಕೆ ಬಾಗಿದ್ದರೆ ಮೂತಿ ನೀರಿಗೆ ಒತ್ತಿಕೊಳ್ಳುತ್ತದೆ, ಮೇಲಕ್ಕೆ ಬಾಗಿದ್ದರೆ ದೋಣಿ ಕುದುರೆಯಂತೆ ಕುಪ್ಪಳಿಸುತ್ತದೆ. ಎಷ್ಟು ಇಂಜಿನ್ ಟ್ಯೂನ್ ಮಾಡಿದರೂ ಇದು ಸರಿಯಾಗದು. ನಾನು ಪ್ಯಾಡಿನ ಕೆಳಗೆ ಮರದ ತೊಟ್ಟಿಲು ಕಟ್ಟಿ, ಪ್ರತಿ ಸಂಜೆ ಕೆಲಸ ನಿಲ್ಲಿಸುವ ಮುಂಚೆ ಪಟ್ಟಿ ಹಿಡಿದು ಅಳೆಯುತ್ತಿದ್ದೆ.

## ಇಂಜಿನ್

ಹತ್ತು ವರ್ಷ ನಿಂತಿದೆ. ಬ್ಯಾಟರಿ ಹಾಕಿ ಒಂದ್ಸಲ ಸ್ಟಾರ್ಟ್ ಮಾಡಿ ನೋಡಲಾ?

ದಯವಿಟ್ಟು ಬೇಡ. ಮೊದಲು ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೂ ಚೂರು ಎಣ್ಣೆ ಬಿಡಿ, ಕೈಯಿಂದ ಫ್ಲೈವೀಲ್ ತಿರುಗಿಸಿ. ಸರಾಗವಾಗಿ ತಿರುಗಿದರೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆದು ನೋಡಿ: ಆರೂ ಪ್ಲಗ್ ಹೊರಗೆ, ಥ್ರಾಟಲ್ ಪೂರ್ತಿ ತೆರೆದು, ಬ್ಯಾಟರಿ ತುಂಬ ಚಾರ್ಜ್ ಇರಬೇಕು. ಅಂಕಿ ಎಷ್ಟು ಬಂತು ಎನ್ನುವುದಕ್ಕಿಂತ ಆರೂ ಹತ್ತಿರ ಹತ್ತಿರ ಇವೆಯೇ ಎನ್ನುವುದು ಮುಖ್ಯ. ಹೆಚ್ಚಿನದಕ್ಕೂ ಕಡಿಮೆಯದಕ್ಕೂ ನೂರಕ್ಕೆ 10ಕ್ಕಿಂತ ವ್ಯತ್ಯಾಸ ಇದ್ದರೆ ತಲೆ ಬಿಚ್ಚಬೇಕು.

ನೀರಿನ ಪಂಪಿನ ರಬ್ಬರ್ ಇಂಪೆಲ್ಲರ್ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಿ. ಒಂದೇ ಭಂಗಿಯಲ್ಲಿ ವರ್ಷಗಟ್ಟಲೆ ನಿಂತ ರಬ್ಬರ್ ಎಲೆಗಳು ಮಡಚಿದಂತೆಯೇ ಉಳಿದಿರುತ್ತವೆ. ಇಂಧನದ ಕೊಳವೆಗಳನ್ನೂ ಬಿಸಾಡಿ. ಎಥನಾಲ್ ಬೆರೆಸಿದ ಪೆಟ್ರೋಲು ಹಳೆಯ ರಬ್ಬರನ್ನು ಒಳಗಿನಿಂದ ಕರಗಿಸುತ್ತದೆ, ಆ ಕಪ್ಪು ಅಂಟು ಕಾರ್ಬ್ಯುರೇಟರಿನ ಜೆಟ್‌ಗೆ ಹೋಗಿ ಕೂರುತ್ತದೆ. ಆರರಲ್ಲಿ ಒಂದು ಸಿಲಿಂಡರಿಗೆ ಪೆಟ್ರೋಲು ಕಡಿಮೆಯಾದರೆ ಅದಕ್ಕೆ ಎಣ್ಣೆಯೂ ಕಡಿಮೆ. ಕೆಳ ವೇಗದಲ್ಲಿ ಗೊತ್ತೇ ಆಗದು. ಪೂರ್ತಿ ಥ್ರಾಟಲಿನಲ್ಲಿ ಪಿಸ್ಟನ್ನಿನ ತಲೆ ತೂತಾಗುತ್ತದೆ.

ಆಮೇಲೆ ಸ್ಟಾರ್ಟ್ ಮಾಡಿ, ಆದರೆ ನಲ್ಲಿಯ ಪೈಪು ಕಟ್ಟಿದಾಗ ಐಡಲ್‌ನಲ್ಲಿ ಮಾತ್ರ. ಭಾರವಿಲ್ಲದೆ ರೇಸ್ ಕೊಟ್ಟರೆ ಇಂಜಿನ್ ಕೈಮೀರಿ ಓಡುತ್ತದೆ.

ಎಣ್ಣೆ ಎಷ್ಟು ಹಾಕೋದು? ಯೆಜ್ದಿಗೆ ಹಾಕುತ್ತಿದ್ದ 2ಟಿ ಆಗುತ್ತಾ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ದಿ ಓಡಿಸಿದವರಿಗೆ ಟೂ-ಸ್ಟ್ರೋಕ್ ಹೊಸದಲ್ಲ: ಎಣ್ಣೆ ಪೆಟ್ರೋಲಿನ ಜತೆಯಲ್ಲೇ ಒಳಗೆ ಹೋಗಬೇಕು. ಆದರೆ ಎಣ್ಣೆ ಬೇರೆ. ಬೈಕ್ ಗಾಳಿಯಿಂದ ತಣಿಯುವ ಬಿಸಿ ಇಂಜಿನ್, ಇದು ತಣ್ಣೀರಿನಿಂದ ತಣಿಯುವುದು. ಬೈಕಿನ ಎಣ್ಣೆಯ ಬೂದಿ ಇಲ್ಲಿ ಪ್ಲಗ್ಗಿಗೂ ರಿಂಗಿಗೂ ಅಂಟಿಕೊಳ್ಳುತ್ತದೆ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದು ಬರೆದಿರುವ, ಬೂದಿ ಉಳಿಸದ ಎಣ್ಣೆ ತನ್ನಿ. ಸಾಮಾನ್ಯ ಓಟಕ್ಕೆ 50 ಲೀಟರಿಗೆ 1 ಲೀಟರ್. ಹೊಸ ಪಿಸ್ಟನ್, ರಿಂಗ್ ಹಾಕಿದ್ದರೆ ಮೊದಲ ಟ್ಯಾಂಕುಗಳಿಗೆ 25ಕ್ಕೆ 1.

ಗೇರ್ ಕೇಸಿನ ಎಣ್ಣೆ ಹಾಲಿನ ಹಾಗೆ ಬಂತು. ಬದಲಿಸಿದ್ರೆ ಸಾಕಾ?

ಸಾಲದು. ಗೇರ್ ಕೇಸ್ ಎಂದರೆ ಇಂಜಿನ್ನಿನ ಕೆಳತುದಿಯಲ್ಲಿ ಫ್ಯಾನ್ ತಿರುಗಿಸುವ ಗೇರುಗಳ ಡಬ್ಬ. ಎಣ್ಣೆ ಹಾಲಿನಂತಾಗುವುದು ನೀರು ಸೇರಿದ ಗುರುತು. ಸೀಲುಗಳನ್ನು ಬದಲಿಸಿ, ಗಾಳಿ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡಿ. ಫ್ಯಾನಿನ ಶಾಫ್ಟಿಗೆ ಸುತ್ತಿಕೊಂಡ ಮೀನಿನ ದಾರವೇ ಬಹಳ ಸಲ ಕಾರಣ. ಅದು ಸೀಲನ್ನು ಚಾಕುವಿನಂತೆ ಕೊಯ್ದಿರುತ್ತದೆ.

## ನೀರಿಗಿಳಿಸುವ ದಿನ

ಮೊದಲ ದಿನ ಎಷ್ಟು ವೇಗದವರೆಗೆ ಹೋಗಬಹುದು?

ಅಂದು ವೇಗದ ಲೆಕ್ಕವೇ ಬೇಡ. ದೋಣಿಯನ್ನು ಟ್ರೇಲರಿನಿಂದ ಬಿಡಿಸದೆ ನೀರಿಗೆ ಇಳಿಸಿ ಹತ್ತು ನಿಮಿಷ ಐಡಲ್ ಓಡಿಸಿ. ನೆಲ ಎತ್ತಿ, ನೀರು ಒಸರುತ್ತಿದೆಯೇ, ಪೆಟ್ರೋಲಿನ ವಾಸನೆ ಇದೆಯೇ ನೋಡಿ. ಇಂಜಿನ್ನಿನ ಹಿಂದೆ ಸಣ್ಣ ತೂತಿನಿಂದ ನೀರಿನ ಧಾರೆ ಚಿಮ್ಮಬೇಕು. ಪಂಪ್ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ನನಗೆ ಮೊದಲ ದಿನ ಆ ಧಾರೆ ಬರಲೇ ಇಲ್ಲ. ಹೊಸ ಪಂಪ್, ಹೊಸ ಇಂಪೆಲ್ಲರ್, ಎಲ್ಲಿ ತಪ್ಪಿತೋ ಎಂದು ಎದೆ ಹೊಡೆದುಕೊಂಡಿತು. ಇಂಜಿನ್ ಆರಿಸಿ, ತೂತಿಗೆ ತೆಳು ತಂತಿ ತೂರಿಸಿದೆ. ಒಣಗಿದ ಕೆಂಪು ಮಣ್ಣು ಉದುರಿತು. ಕಣಜವೊಂದು ಅಲ್ಲಿ ಗೂಡು ಕಟ್ಟಿ ಹೋಗಿತ್ತು.

ಎರಡನೇ ದಿನ ಅರ್ಧ ಥ್ರಾಟಲಿನವರೆಗೆ, ವೇಗ ಬದಲಿಸುತ್ತಾ. ವಾಪಸ್ ಬಂದು ಪ್ಲಗ್ ತೆಗೆದು ನೋಡಿ: ತಿಳಿ ಕಂದು ಬಣ್ಣ ಇದ್ದರೆ ಸರಿ. ಒಂದು ಮಾತ್ರ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ಪೆಟ್ರೋಲು ಸಾಲುತ್ತಿಲ್ಲ, ಮುಂದೆ ಹೋಗಬೇಡಿ. ಟ್ರಾನ್ಸಮ್ಮಿನ ಬೋಲ್ಟುಗಳನ್ನು ಮತ್ತೆ ಬಿಗಿಮಾಡಿ. ಹೊಸ ಮರ ಒತ್ತಿಕೊಂಡು ಅವು ಚೂರು ಸಡಿಲವಾಗಿರುತ್ತವೆ.

ಕಿಲ್ ಸ್ವಿಚ್ಚಿನ ದಾರ ಕಟ್ಟಿಕೊಳ್ಳೋದು ಕಡ್ಡಾಯವಾ?

ಚಾಲಕ ಜಾಗ ಬಿಟ್ಟು ದೂರವಾದರೆ ದಾರ ಎಳೆದು ಇಂಜಿನ್ ಆರಿಸುವ ಆ ಸ್ವಿಚ್ ದೋಣಿಯಲ್ಲಿ ಇದ್ದರೆ ಕಡ್ಡಾಯ. 26 ಅಡಿಗಿಂತ ಚಿಕ್ಕ ದೋಣಿಗಳಿಗೆ 2021ರ ಏಪ್ರಿಲ್ 1ರಿಂದ ಅಮೆರಿಕದ ಫೆಡರಲ್ ನಿಯಮ ಅದು. ಹಳೆಯ ದೋಣಿಯಲ್ಲಿ ಇಲ್ಲದಿದ್ದರೆ ಹಾಕಿಸಿ. ಚಾಲಕ ಹೊರಗೆ ಬಿದ್ದಾಗ ಇಂಜಿನ್ ನಿಲ್ಲದಿದ್ದರೆ ದೋಣಿ ಸುತ್ತು ಹೊಡೆದು ಅವನ ಮೇಲೆಯೇ ಬರುತ್ತದೆ. ಎರಡು ಕೈಯೂ ಸ್ಟಿಯರಿಂಗ್ ಮೇಲಿರಲೆಂದು ಥ್ರಾಟಲನ್ನು ಕಾಲಿಗೆ ಕೊಡುವ ಪೆಡಲ್ ಕೂಡ ಹಾಕಿಕೊಳ್ಳಿ. ಕಾಲೆತ್ತಿದರೆ ವೇಗ ಇಳಿಯುತ್ತದೆ.

ಓಡಿಸಿ ನೋಡಲು ಎಂಥ ನೀರು ಒಳ್ಳೆಯದು? ಕನ್ನಡಿಯ ಹಾಗೆ ನಿಂತಿರಬೇಕಾ?

ಕನ್ನಡಿಯಂಥ ನೀರು ತಳವನ್ನು ಹೀರಿ ಹಿಡಿಯುತ್ತದೆ; ಎತ್ತರವೂ ಕಣ್ಣಿಗೆ ಅಂದಾಜಾಗದು. ಸಣ್ಣ ಸುಕ್ಕು ಬಿದ್ದ ನೀರು ಉತ್ತಮ. ವಾರದ ದಿನ ಬೆಳಿಗ್ಗೆ ಹೋಗಿ. ಮೊದಲು ನಿಧಾನವಾಗಿ ಓಡಿಸುವ ದಾರಿಯ ಉದ್ದಕ್ಕೂ ಒಂದು ಸುತ್ತು ಹಾಕಿ. ಜೋರು ಮಳೆಯ ಮರುದಿನ ಬೇಡವೇ ಬೇಡ, ಅರ್ಧ ಮುಳುಗಿದ ದಿಮ್ಮಿಗಳು ತೇಲಿ ಬರುತ್ತವೆ.

## ವೇಗದ ಲೆಕ್ಕ

ಇಂಜಿನ್ ಎಷ್ಟು ಎತ್ತರದಲ್ಲಿ ಕಟ್ಟಬೇಕು?

ಪ್ಯಾಡಿಗೆ ನೇರ ಪಟ್ಟಿ ಹಿಡಿದು ಹಿಂದಕ್ಕೆ ಚಾಚಿ, ಅಲ್ಲಿಂದ ಫ್ಯಾನ್ ಶಾಫ್ಟಿನ ನಡುವಿನವರೆಗೆ ಅಳೆಯಿರಿ. ನಾನು ಪ್ಯಾಡಿಗಿಂತ 4 ಇಂಚು ಕೆಳಗಿನಿಂದ ಶುರುಮಾಡಿದೆ. ಪ್ರತಿ ಓಟದ ನಂತರ ಕಾಲು ಇಂಚು ಏರಿಸುತ್ತಾ ಬಂದೆ. ಎತ್ತರ ಹೆಚ್ಚಿದಂತೆ ಎಳೆತ ಕಡಿಮೆ, ಆದರೆ ನೀರು ಒಳಗೆಳೆಯುವ ಕಿಂಡಿಗಳೂ ಮೇಲೆ ಬರುತ್ತವೆ. ಆದ್ದರಿಂದ ನೀರಿನ ಒತ್ತಡದ ಗೇಜ್ ಇಲ್ಲದೆ ಈ ಕೆಲಸ ಮಾಡಬೇಡಿ. ಪೂರ್ತಿ ಥ್ರಾಟಲಿನಲ್ಲಿ ಗೇಜು 10 ಪಿಎಸ್‌ಐಗಿಂತ ಇಳಿದರೆ ನಾನು ಇಂಜಿನ್ನನ್ನು ಕೆಳಗಿಳಿಸುತ್ತೇನೆ.

ಸ್ಲಿಪ್ ಅಂದ್ರೇನು? ಲೆಕ್ಕ ಹಾಕೋದು ಹೇಗೆ?

ಫ್ಯಾನಿನ ಪಿಚ್ 24 ಎಂದರೆ ಅದು ಒಂದು ಸುತ್ತಿಗೆ, ಜಾರದೆ ಇದ್ದರೆ, 24 ಇಂಚು ಮುಂದೆ ಹೋಗಬೇಕು. ನೀರು ಜಾರುತ್ತದೆ, ಆ ಜಾರಿಕೆಯೇ ಸ್ಲಿಪ್. ಆರ್‌ಪಿಎಂ ಅನ್ನು ಪಿಚ್ಚಿನಿಂದ ಗುಣಿಸಿ, ಗೇರ್ ಅನುಪಾತದಿಂದ (ಫ್ಯಾನಿನ ಒಂದು ಸುತ್ತಿಗೆ ಇಂಜಿನ್ ಎಷ್ಟು ಸುತ್ತುತ್ತದೆ ಎನ್ನುವುದು) ಭಾಗಿಸಿ, ಮತ್ತೆ 1056ರಿಂದ ಭಾಗಿಸಿದರೆ ಜಾರದಿದ್ದಾಗಿನ ವೇಗ ಗಂಟೆಗೆ ಮೈಲಿಯಲ್ಲಿ ಬರುತ್ತದೆ. ನನ್ನದು 1.87 ಅನುಪಾತ, 6000 ಆರ್‌ಪಿಎಂ, 24 ಪಿಚ್: ಸುಮಾರು 73 ಮೈಲಿ. ಮೊದಲು ಜಿಪಿಎಸ್ ತೋರಿಸಿದ್ದು 61, ಅಂದರೆ ನೂರಕ್ಕೆ 16 ಸ್ಲಿಪ್. ಇಂಜಿನ್ ಒಂದು ಇಂಚು ಏರಿಸಿ, ಬ್ಯಾಟರಿ ಮುಂದಕ್ಕೆ ಸರಿಸಿದ ಮೇಲೆ ಅದೇ ಆರ್‌ಪಿಎಂನಲ್ಲಿ 66. ಒಂದು ಅಶ್ವಶಕ್ತಿಯನ್ನೂ ಸೇರಿಸದೆ ಐದು ಮೈಲಿ ಸಿಕ್ಕಿತು. ಡ್ಯಾಶ್‌ಬೋರ್ಡಿನ ಹಳೆಯ ಸ್ಪೀಡೋಮೀಟರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಜಿಪಿಎಸ್ ಮಾತ್ರ ನಂಬಿ.

60 ದಾಟಿದ ತಕ್ಷಣ ದೋಣಿ ಎಡಕ್ಕೆ ಬಲಕ್ಕೆ ಕುಣಿಯೋಕೆ ಶುರು ಮಾಡುತ್ತೆ. ಹೆದರಿಕೆ ಆಗುತ್ತೆ. ಏನು ಮಾಡ್ಲಿ?

ಹೆದರಿಕೆ ಸರಿಯಾದದ್ದೇ. ಇದಕ್ಕೆ ಚೈನ್ ವಾಕ್ ಎನ್ನುತ್ತಾರೆ; ಇಲ್ಲಿ ಚೈನ್ ಎಂದರೆ ಸರಪಳಿಯಲ್ಲ, ತಳವೂ ಪಕ್ಕವೂ ಸೇರುವ ಅಂಚು. ದೋಣಿ ಗೇಣಗಲದ ಪ್ಯಾಡಿನ ಮೇಲೆ ನಿಂತಿದೆ. ಹಿಂದಿನಿಂದ ನೋಡಿದರೆ ಫ್ಯಾನ್ ಬಲಕ್ಕೆ ಸುತ್ತುತ್ತದೆ, ಅದರ ಪ್ರತಿಬಲ ದೋಣಿಯನ್ನು ಎಡಕ್ಕೆ ವಾಲಿಸುತ್ತದೆ. ಚಾಲಕನ ಸೀಟು ಬಲಗಡೆ ಇರುವುದಕ್ಕೆ ಅದೂ ಒಂದು ಕಾರಣ. ಎಡಕ್ಕೆ ವಾಲಿದ ದೋಣಿ ತಳದ ಓರೆಗೆ ತಾಗಿ ಪುಟಿದು ಬಲಕ್ಕೆ ಬೀಳುತ್ತದೆ, ಅಲ್ಲಿಂದ ಮತ್ತೆ ಎಡಕ್ಕೆ. ಪ್ರತಿ ಸಲವೂ ತೂಗಾಟ ದೊಡ್ಡದಾಗುತ್ತದೆ.

ಮೊದಲು ಸ್ಟಿಯರಿಂಗ್ ನೋಡಿ. ನೆಲದ ಮೇಲಿದ್ದಾಗ ಇಂಜಿನ್ನನ್ನು ಹಿಡಿದು ಅಲುಗಾಡಿಸಿ; ಚಕ್ರ ತಿರುಗದೆ ಇಂಜಿನ್ ಒಂದಿಷ್ಟು ಅಲುಗಿದರೂ ಆ ಸಡಿಲವೇ ಕುಣಿತಕ್ಕೆ ತಾಳ ಹಾಕುತ್ತದೆ. ಹಳೆಯ ಒಂಟಿ ಕೇಬಲ್ ತೆಗೆದು, ಒಂದಕ್ಕೊಂದು ಎದುರಾಗಿ ಎಳೆಯುವ ಜೋಡಿ ಕೇಬಲ್ ಇಲ್ಲವೇ ಹೈಡ್ರಾಲಿಕ್ ಹಾಕಿ. ಇಂಜಿನ್ನಿನ ಹಿಡಿಕೆಯ ಬುಶ್ ಸವೆದಿದ್ದರೆ ಅದನ್ನೂ ಬದಲಿಸಿ. ನಾನು ಇದನ್ನು ಮುಗಿಸುವವರೆಗೆ 50 ದಾಟಲಿಲ್ಲ.

ಉಳಿದದ್ದು ಚಾಲಕನ ಕೈ. ಸೈಕಲ್ ಕಲಿತ ದಿನ ನೆನಪಿಸಿಕೊಳ್ಳಿ: ವಾಲಿದ ಮೇಲೆ ತಿರುಗಿಸಿದರೆ ತಡವಾಯಿತು, ವಾಲುವ ಮುಂಚೆಯೇ ಕೈ ಚೂರು ತಿರುಗಿರಬೇಕು. ದೋಣಿ ಎಡಕ್ಕೆ ವಾಲುವ ಸುಳಿವು ಬೆನ್ನಿಗೆ ಸಿಕ್ಕ ಕ್ಷಣವೇ ಸ್ಟಿಯರಿಂಗಿಗೆ ಎಳೆಯಷ್ಟು ತಿದ್ದುಪಡಿ ಕೊಡಬೇಕು. ಕುಣಿತ ಶುರುವಾದರೆ ಥ್ರಾಟಲನ್ನು ಹದವಾಗಿ ಇಳಿಸಿ, ದೋಣಿ ತಳಕ್ಕೆ ಕೂರಲಿ. ಒಮ್ಮೆಲೆ ಕಾಲು ಎತ್ತಿದರೆ ಮೂತಿ ಬಿದ್ದು ನೀರು ಕಚ್ಚಿ, ದೋಣಿ ಪಕ್ಕಕ್ಕೆ ಎಸೆಯಬಹುದು. ಕಲಿಯುವಾಗ 55, 58, 60 ಹೀಗೆ ಸ್ವಲ್ಪ ಸ್ವಲ್ಪವೇ ಏರಿಸಿ, ಪ್ರತಿ ಮಟ್ಟದಲ್ಲೂ ಕೈಗೆ ಅಭ್ಯಾಸ ಆಗುವವರೆಗೆ ನಿಲ್ಲಿ. ನನಗೆ ಒಂದು ಇಡೀ ಬೇಸಿಗೆ ಹಿಡಿಯಿತು.

80 ಮೈಲಿ ದಾಟಿಸಬೇಕು ಅಂತಿದ್ದೇನೆ. ಇನ್ನೇನು ಬೇಕು?

ಮಾಮೂಲಿ ಗೇರ್ ಕೇಸಿನ ಮೂತಿ ಮೊಂಡು. ಸುಮಾರು ಆ ವೇಗದಲ್ಲಿ ಅದರ ಸುತ್ತ ನೀರು ಹರಿದು ಗುಳ್ಳೆಯಾಗಿ, ಫ್ಯಾನಿಗೆ ಇದ್ದಕ್ಕಿದ್ದಂತೆ ಹಿಡಿತ ತಪ್ಪುತ್ತದೆ; ದೋಣಿ ಎಚ್ಚರಿಕೆ ಕೊಡದೆ ಒಂದು ಕಡೆಗೆ ಸೆಳೆಯುತ್ತದೆ. ಚೂಪು ಮೂತಿ ಜೋಡಿಸಿ, ನೀರಿನ ಕಿಂಡಿಯನ್ನು ಕೆಳಕ್ಕೆ ತಂದ ಗೇರ್ ಕೇಸ್ ಇಲ್ಲದೆ ಅಲ್ಲಿಗೆ ಹೋಗಬೇಡಿ. ಈ ಮಟ್ಟದಲ್ಲಿ ಮೂತಿ ಹೆಚ್ಚು ಎತ್ತಿದರೆ ಗಾಳಿ ತಳಕ್ಕೆ ನುಗ್ಗಿ ದೋಣಿಯನ್ನೇ ಮಗುಚುತ್ತದೆ, ಎದುರುಗಾಳಿ ಇದ್ದರೆ ಇನ್ನೂ ಬೇಗ. ಅನುಭವಿ ಚಾಲಕರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಯಿರಿ.

ನಿಮ್ಮದು ಈಗ ಎಷ್ಟು ಓಡುತ್ತೆ? ಮಕ್ಕಳನ್ನ ಕೂರಿಸಿಕೊಳ್ತೀರಾ?

26 ಪಿಚ್ ಫ್ಯಾನ್ ಹಾಕಿ, 5900 ಆರ್‌ಪಿಎಂನಲ್ಲಿ ಜಿಪಿಎಸ್ ಪ್ರಕಾರ 71, ನಾನೊಬ್ಬನೇ ಇದ್ದಾಗ. ಸದ್ಯಕ್ಕೆ ಅಷ್ಟೇ. ಮಗಳು ಜತೆಗಿದ್ದರೆ 35 ದಾಟುವುದಿಲ್ಲ, ಲೈಫ್ ಜಾಕೆಟ್ಟಿನ ಎಲ್ಲ ಬಕಲ್ಲೂ ಹಾಕಿದ ಮೇಲೆಯೇ ಹಗ್ಗ ಬಿಚ್ಚುವುದು. ನೀರಿನ ಒತ್ತಡದ ಗೇಜ್ ನೋಡುವುದು ಅವಳ ಕೆಲಸ. ಮುಳ್ಳು ಸ್ವಲ್ಪ ಇಳಿದರೂ "ಅಪ್ಪಾ, ನೀರು!" ಎಂದು ಇಂಜಿನ್ನಿನ ಸದ್ದನ್ನೂ ಮೀರಿ ಕೂಗುತ್ತಾಳೆ.